ಶಾಲೆಯ ಇಳಿಜಾರು ರಸ್ತೆಗೆ ಉಬ್ಬು ಹಾಕಿಸಿದರೆ ಸಾಕೇ?

ಪ್ರಶ್ನೆ – ಮಡಿಕೇರಿಯ ಪೋಷಕಿ

ನಮ್ಮ ಬಡಾವಣೆಯ ಶಾಲೆಗೆ ಹೋಗುವ ರಸ್ತೆ ಮುಖ್ಯರಸ್ತೆಯಿಂದ ಕವಲೊಡೆದು ಕಡಿದಾಗಿ ಇಳಿಯುತ್ತದೆ. ಒಂದು ಬದಿಗೆ ಬರೆ (ಗುಡ್ಡ ಕಡಿದ ನೇರ ಮಣ್ಣಿನ ಗೋಡೆ), ಇನ್ನೊಂದು ಬದಿಗೆ ಚರಂಡಿ. ಎರಡು ಕಾರುಗಳು ಎದುರುಬದುರಾದರೆ ನಡೆದು ಹೋಗುವ ಮಕ್ಕಳಿಗೆ ಚರಂಡಿಯ ಅಂಚೇ ಗತಿ. ಕಳೆದ ಜುಲೈನಲ್ಲಿ ಆರನೇ ತರಗತಿಯ ನನ್ನ ಮಗಳು ಹೀಗೆ ಪಕ್ಕಕ್ಕೆ ಸರಿಯುವಾಗ, ಸ್ಲ್ಯಾಬ್ ಇಲ್ಲದ ಕಡೆ ಕಾಲಿಟ್ಟು ಮೊಣಕಾಲಿನವರೆಗೆ ಕೆಂಪು ನೀರಿಗೆ ಇಳಿದಳು. ಪೆಟ್ಟೇನೂ ಆಗಲಿಲ್ಲ, ಒಂದು ಚಪ್ಪಲಿ ಕೊಚ್ಚಿಹೋಯಿತು. ಅಂದಿನಿಂದ ಅವಳ ಸೈಕಲ್ ಜಗಲಿಯಲ್ಲಿಯೇ ನಿಂತಿದೆ. ಗೇಟಿನ ಮುಂದೆ ಮೂರು ಉಬ್ಬು ಹಾಕಿಸಲು ನಗರಸಭೆಗೆ ಮನವಿ ಕೊಡೋಣವೆಂದು ಕೆಲವು ಪೋಷಕರು ಹೇಳುತ್ತಿದ್ದಾರೆ. ಇದು ಸರಿಯಾದ ದಾರಿಯೇ?

ಉತ್ತರ – ನಿವೃತ್ತ ಎಂಜಿನಿಯರ್, ಕುಶಾಲನಗರ

ಮೇಡಂ, ಉಬ್ಬು ಬೇಡವೆನ್ನುವುದಿಲ್ಲ, ಆದರೆ ಗೇಟಿನ ಮುಂದೆ ಬೇಡ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಉಬ್ಬು ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿರಬೇಕು. ನಮ್ಮಲ್ಲಿ ಉಳಿದ ಡಾಂಬರನ್ನು ಸುರಿದು ಸಂಜೆಯೊಳಗೆ ಎಬ್ಬಿಸುವ ದಿಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಒದ್ದೆ ಬ್ರೇಕಿನೊಂದಿಗೆ ಇಳಿಜಾರಿನಲ್ಲಿ ಬರುವ ಸೈಕಲ್ ಸವಾರ ಅಂಥ ದಿಣ್ಣೆಯ ಮೇಲೆ ಮುಗ್ಗರಿಸುತ್ತಾನೆ, ಮಳೆನೀರು ಅದಕ್ಕೆ ತಡೆದು ಅಡ್ಡ ಹರಿದು ರಸ್ತೆಯನ್ನೇ ಕೊರೆಯುತ್ತದೆ. ಆದ್ದರಿಂದ ಇಳಿಜಾರು ಆರಂಭವಾಗುವ ಮೊದಲೇ, ಮುಖ್ಯರಸ್ತೆಯಿಂದ ತಿರುಗಿದ ಸಮತಟ್ಟಿನಲ್ಲಿ ಒಂದೇ ಒಂದು ಸರಿಯಾದ ಉಬ್ಬು ಕೇಳಿ.

ವೇಗ ತಗ್ಗಿಸುವುದಕ್ಕೆ ಕಾರಣ ಸರಳ ಲೆಕ್ಕದಲ್ಲಿದೆ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ, ಚಾಲಕ ಬ್ರೇಕಿಗೆ ಕಾಲಿಡುವ ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಮುಂದೆ ಹೋಗಿರುತ್ತದೆ. 30ರಲ್ಲಾದರೆ ಸುಮಾರು 8 ಮೀಟರ್. ಡಿಕ್ಕಿಯ ಶಕ್ತಿಯಲ್ಲಂತೂ ಸುಮಾರು ಎರಡೂಮುಕ್ಕಾಲು ಪಟ್ಟು ಅಂತರ. ಒದ್ದೆ ಇಳಿಜಾರಿನಲ್ಲಿ, ಮಂಜು ಕವಿದ ಬೆಳಗಿನಲ್ಲಿ ಇದು ಇನ್ನೂ ಕೆಡುತ್ತದೆ.

ಆದರೆ ನಿಮ್ಮ ಮಗಳು ಬಿದ್ದದ್ದು ವೇಗಕ್ಕಲ್ಲ, ಸ್ಲ್ಯಾಬ್ ಇಲ್ಲದ್ದಕ್ಕೆ. ಪಾದಚಾರಿ ಮಾರ್ಗಕ್ಕೆ 1.8 ಮೀಟರ್ ಅಗಲ ಬೇಕೆನ್ನುತ್ತದೆ ಮಾರ್ಗಸೂಚಿ. ಬರೆ ಕಡಿಯದೆ ನಿಮಗೆ ಅಷ್ಟು ಜಾಗ ಸಿಗದು, ಬರೆ ಕಡಿದರೆ ಅದು ಕುಸಿದು ರಸ್ತೆಗೇ ಬರುತ್ತದೆ. ಮುಚ್ಚಿದ ಚರಂಡಿಯೇ ನಿಮ್ಮ ಪಾದಚಾರಿ ಮಾರ್ಗ. ಸ್ಲ್ಯಾಬುಗಳನ್ನು ಎತ್ತಿ ಹೂಳು ತೆಗೆಯಲು ಬರಬೇಕು, ಇಲ್ಲವಾದರೆ ಮುಂದಿನ ಮಳೆಗಾಲಕ್ಕೆ ಒಡೆದೇ ತೆಗೆಯುತ್ತಾರೆ.

ಉತ್ತರ – ಶಿಕ್ಷಕಿ, ಗೋಣಿಕೊಪ್ಪಲು

ಬೆಳಿಗ್ಗೆ ಅರ್ಧ ಗಂಟೆ ಗೇಟಿನ ಬಳಿ ನಿಂತು ನೋಡಿ ಅಕ್ಕ, ಮಕ್ಕಳಿಗೆ ಅಡ್ಡ ಬರುವ ವಾಹನಗಳಲ್ಲಿ ಹೆಚ್ಚಿನವು ಪೋಷಕರವೇ. ಮಗುವನ್ನು ಇಳಿಸಿ ಅಲ್ಲಿಯೇ ಹಿಂದಕ್ಕೆ ತೆಗೆದು ತಿರುಗಿಸುವಾಗ, ಹಿಂಬದಿಯಲ್ಲಿ ಕೊಡೆ ಹಿಡಿದು ಬರುವ ಪುಟ್ಟ ಮಗು ಕಾಣುವುದೇ ಇಲ್ಲ. ನಮ್ಮಲ್ಲಿ ಈಗ ಗೇಟಿಗಿಂತ ಹಿಂದಿನ ಮೈದಾನದ ಬಳಿಯೇ ಎಲ್ಲರನ್ನೂ ಇಳಿಸುತ್ತೇವೆ. ಅಲ್ಲಿಂದ ದೊಡ್ಡ ಮಕ್ಕಳು ಚಿಕ್ಕವರನ್ನು ಸಾಲಾಗಿ ಕರೆತರುತ್ತಾರೆ, ಜೊತೆಗೆ ಒಬ್ಬರು ಶಿಕ್ಷಕರು. ಮೊದಲ ವಾರ ‘ಮಳೆಯಲ್ಲಿ ಮಗುವನ್ನು ನಡೆಸುತ್ತೀರಾ’ ಎಂದು ಬಹಳ ಮಾತು ಕೇಳಿದೆವು. ನನ್ನ ಅಭಿಪ್ರಾಯದಲ್ಲಿ ಮಳೆಗಿಂತ ಜೀಪು ಅಪಾಯ.

ಉತ್ತರ – ಓದುಗ, ವಿರಾಜಪೇಟೆ

ಮನವಿಯ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕೊಡಿ. ಒಳರಸ್ತೆ ನಗರಸಭೆಯದಾದರೂ, ಅದು ಸೇರುವ ಮುಖ್ಯರಸ್ತೆ ರಾಷ್ಟ್ರೀಯ ಹೆದ್ದಾರಿ 275 ಆಗಿದ್ದರೆ ಆ ತಿರುವಿನ ಫಲಕ ಹೆದ್ದಾರಿಯವರ ಹೊಣೆ. ಒಂದೇ ಕಚೇರಿಗೆ ಕೊಟ್ಟರೆ ಒಬ್ಬರು ಇನ್ನೊಬ್ಬರತ್ತ ಕೈತೋರಿಸುತ್ತಾರೆ. ಚಿತ್ರಗಳನ್ನು ಜೋರು ಮಳೆಯಲ್ಲಿಯೇ ತೆಗೆಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೂರು ಉಬ್ಬಿನ ಮನವಿಯನ್ನು ಕೈಬಿಟ್ಟು, ಸ್ಲ್ಯಾಬು ಮತ್ತು ಮೇಲಿನ ಒಂದು ಉಬ್ಬಿಗಷ್ಟೇ ಬರೆಯುತ್ತೇವೆ. ಇಳಿಸುವ ಜಾಗದ ಬಗ್ಗೆ ಪೋಷಕರ ಸಭೆಯಲ್ಲಿ ಮಾತಾಡುತ್ತೇನೆ, ಅಲ್ಲಿ ಮೊದಲು ಬೈಸಿಕೊಳ್ಳುವವಳು ನಾನೇ, ಏಕೆಂದರೆ ಜುಲೈ ನಂತರ ನಾನೂ ಕಾರಿನಲ್ಲಿ ಗೇಟಿನವರೆಗೆ ಬಿಡುತ್ತಿದ್ದೇನೆ. ಎಂಜಿನಿಯರ್ ಸರ್, ನೀರಿಳಿಯಲು ಸ್ಲ್ಯಾಬಿನಲ್ಲಿ ಸೀಳು ಬಿಟ್ಟರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುವುದಿಲ್ಲವೇ?

ಉತ್ತರ – ನಿವೃತ್ತ ಎಂಜಿನಿಯರ್, ಕುಶಾಲನಗರ

ಸೀಳು ಸೈಕಲ್ ಸಾಗುವ ದಿಕ್ಕಿಗೆ ಅಡ್ಡವಾಗಿದ್ದರೆ ಸಿಕ್ಕಿಕೊಳ್ಳದು, ಉದ್ದಕ್ಕಿದ್ದರೆ ಚಕ್ರ ನೇರ ಒಳಗಿಳಿಯುತ್ತದೆ. ಇದನ್ನು ಮನವಿಯಲ್ಲಿ ಚಿತ್ರ ಬರೆದೇ ತೋರಿಸಿ.