ನೀರಿನ ಮೇಲೆ ಬಾತು ರೆಕ್ಕೆ ಕೊಡವುವ ಫೋಟೊ: ಬಲ್ಲವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ:
ಕುಂದುವಾಡ ಕೆರೆಯಲ್ಲಿ ಬಾತುಗಳು ನೀರಿನ ಮೇಲೆ ಎದ್ದು ರೆಕ್ಕೆ ಕೊಡವುತ್ತವಲ್ಲ, ಆ ಫೋಟೊ ಬರುತ್ತಿಲ್ಲ. ಒತ್ತುವಷ್ಟರಲ್ಲಿ ಮುಗಿದಿರುತ್ತೆ, ಇಲ್ಲವೇ ರೆಕ್ಕೆ ತುದಿ ಫ್ರೇಮಿನಾಚೆ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 100-400 ಎಂಎಂ ಜೂಮ್ ಲೆನ್ಸ್, ಶಟರ್ (ಬೆಳಕು ಒಳಬಿಡುವ ಹೊತ್ತು) ಸೆಕೆಂಡಿನ 1/500.

ಉತ್ತರ, ಹರಿಹರದಿಂದ:
ಸೆಟ್ಟಿಂಗ್ ಆಮೇಲೆ ಸರ್, ಮೊದಲು ಹಕ್ಕಿ ಓದಿ. ತಲೆ ಮುಳುಗಿಸಿ ಬೆನ್ನ ಮೇಲೆ ನೀರು ಹರಿಸಿಕೊಳ್ಳುತ್ತಿದೆ ಅಂದರೆ ಸ್ನಾನ ಶುರು. ಹಲವು ಸಲ ಮುಳುಗಿದ ಮೇಲೆ ಒಂದು ಗಳಿಗೆ ಸುಮ್ಮನಾಗಿ ಎದೆ ಎತ್ತುತ್ತೆ. ಒತ್ತಬೇಕಾದ್ದು ಆಗಲೇ. ರೆಕ್ಕೆ ಬಿಚ್ಚಿದ್ದು ಕಂಡ ಮೇಲೆ ಒತ್ತಿದರೆ ತಡವಾಯಿತು, ಇಡೀ ಆಟ ಒಂದೆರಡು ಸೆಕೆಂಡು. ಗರಿ ತೀಡಿಕೊಂಡಾದ ಮೇಲೂ ಕೊಡವುತ್ತವೆ, ಜೋಡಿ ಕೂಡಿದ ಮೇಲೆ ಹೆಣ್ಣೂ ಸ್ನಾನ ಮಾಡಿ ಕೊಡವುತ್ತೆ. ಹಿಂಡಿನಲ್ಲಿ ಒಂದು ಮುಳುಗಲು ಶುರು ಮಾಡಿದರೆ ಪಕ್ಕದವೂ ಸೇರಿಕೊಳ್ಳುವುದುಂಟು. ಒಂದು ತಪ್ಪಿತೆಂದು ಜಾಗ ಬಿಡಬೇಡಿ.

ಉತ್ತರ, ಚಿತ್ರದುರ್ಗದಿಂದ:
1/500ಕ್ಕೆ ಮೈ ನಿಲ್ಲುತ್ತೆ, ರೆಕ್ಕೆ ತುದಿ ಕಲಸಿಹೋಗುತ್ತೆ. 1/2000 ಇಡಿ, ಹನಿಗಳೂ ಮುತ್ತಿನಂತೆ ನಿಲ್ಲಬೇಕಾದರೆ 1/3200. ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 1600ಕ್ಕೆ ಏರಿದರೂ ಚಿಂತೆಯಿಲ್ಲ, ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಕಡಿಮೆ ಮಾಡಬಹುದು, ಕಲಸಿದ ರೆಕ್ಕೆ ಸರಿಮಾಡಲಾಗದು.

ಅಪರ್ಚರ್ (ಲೆನ್ಸ್ ಬೆಳಕಿಗೆ ತೆರೆಯುವ ಕಿಂಡಿ) ಎಫ್/8. ಈ ಅಂಕಿ ದೊಡ್ಡದಾದಷ್ಟು ಕಿಂಡಿ ಕಿರಿದು, ಚೂಪಾಗಿ ಬರುವ ಆಳ ಹೆಚ್ಚು. 20 ಮೀಟರ್ ದೂರದಲ್ಲಿ 400 ಎಂಎಂ, ಎಫ್/5.6ರಲ್ಲಿ ಚೂಪಾಗಿ ಬರುವ ಆಳ ಅರ್ಧ ಮೀಟರಿಗೆ ತುಸು ಮೇಲೆ. ಚುಕ್ಕೆಕೊಕ್ಕಿನ ಬಾತು ರೆಕ್ಕೆ ಚಾಚಿದರೆ ಸುಮಾರು 90 ಸೆಂ.ಮೀ. ಅದು ಅಡ್ಡ ನಿಂತಾಗ ನಿಮ್ಮತ್ತ ಚಾಚಿದ ರೆಕ್ಕೆ ಮಸುಕಾಗುವುದು ಇದಕ್ಕೇ. ಆ ಹಕ್ಕಿಯ ರೆಕ್ಕೆಯ ಒಳಭಾಗ ಬಿಳಿ, ಬಿಚ್ಚಿದ ಕೂಡಲೇ ಬೆಳಕು ಹೆಚ್ಚಾಗಿ ಬಿಳಿ ಸುಟ್ಟುಹೋಗುತ್ತೆ. ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿಡಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತೆ).

ಫ್ರೇಮ್ ವಿಷಯ: ತೇಲುವ ಹಕ್ಕಿಗೆ ಸರಿಹೋಗುವಷ್ಟು ಜೂಮ್ ಮಾಡಿದರೆ ಕೆಟ್ಟಿರಿ. ಎದ್ದಾಗ ಎತ್ತರ ದುಪ್ಪಟ್ಟಿಗಿಂತ ಹೆಚ್ಚು. 400ರಿಂದ 300ಕ್ಕೆ ಹಿಂದೆ ಬನ್ನಿ, ಹಕ್ಕಿಯನ್ನು ಚೌಕಟ್ಟಿನ ಕೆಳಗಿನ ಮೂರನೇ ಒಂದು ಭಾಗದಲ್ಲಿಡಿ.

ಮತ್ತೊಂದು ಪ್ರಶ್ನೆ:
ಮಿರರ್‌ಲೆಸ್‌ನಲ್ಲಿ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ) ಪ್ರೀ-ಕ್ಯಾಪ್ಚರ್, ಅಂದರೆ ಬಟನ್ ಒತ್ತುವ ಮೊದಲಿನ ಕ್ಷಣಗಳನ್ನೂ ಉಳಿಸುವ ಸೌಲಭ್ಯ, ಇದ್ದರೆ ಈ ಕಾಯುವ ಕಷ್ಟ ತಪ್ಪುತ್ತಾ?

ಉತ್ತರ, ಚಿತ್ರದುರ್ಗದಿಂದ:
ತಪ್ಪುತ್ತೆ, ಆದರೆ ಅದು ಸಾಮಾನ್ಯವಾಗಿ ಪರದೆ ಚಲಿಸದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ನಡೆಯುತ್ತೆ. ಸೆನ್ಸರ್ ಸಾಲುಸಾಲಾಗಿ ನಿಧಾನ ಓದುವ ಕ್ಯಾಮೆರಾಗಳಲ್ಲಿ ರೆಕ್ಕೆ ಸೊಟ್ಟಗಾಗುತ್ತೆ. ಅಂಥದ್ದಿದ್ದರೆ ಪರದೆ ಚಲಿಸುವ ಮೆಕ್ಯಾನಿಕಲ್ ಶಟರೇ ವಾಸಿ. ರಾ ಫೈಲಿಗೆ (ಸೆನ್ಸರಿನ ಪೂರ್ತಿ ಮಾಹಿತಿಯ ದೊಡ್ಡ ಫೈಲು) ಬಫರ್, ಅಂದರೆ ಕ್ಯಾಮೆರಾದ ತಾತ್ಕಾಲಿಕ ಮೆಮೊರಿ, ಬೇಗ ತುಂಬುತ್ತೆ, ಸ್ನಾನ ನೋಡುತ್ತಲೇ ಬೆರಳು ಒತ್ತಿ ಹಿಡಿಯಬೇಡಿ.

ಉತ್ತರ, ದಾವಣಗೆರೆಯ ಇನ್ನೊಬ್ಬರಿಂದ:
ಗಾಳಿಯನ್ನು ಯಾರೂ ಹೇಳಲಿಲ್ಲ. ಬಾತು ಸಾಮಾನ್ಯವಾಗಿ ಗಾಳಿಗೆ ಮುಖ ಕೊಟ್ಟು ಏಳುತ್ತೆ. ನಮ್ಮ ಕಡೆ ಚಳಿಗಾಲದ ಗಾಳಿ ಹೆಚ್ಚಾಗಿ ಮೂಡಣದ್ದು. ಬೆಳಿಗ್ಗೆ ಕೆರೆಯ ಪೂರ್ವ ದಂಡೆಯಲ್ಲಿ ಕೂತರೆ ಸೂರ್ಯ ಬೆನ್ನಿಗೆ, ಹಕ್ಕಿಯ ಎದೆ ನಿಮಗೆ. ಗಾಳಿ ತಿರುಗಿದ ದಿನ ಬೆನ್ನೇ ಸಿಗುತ್ತೆ, ಆಗ ಪಕ್ಕದ ದಂಡೆಗೆ ಹೋಗಿ. ಏರಿಯ ಮೇಲೆ ನಿಂತು ಕೆಳಮುಖವಾಗಿ ತೆಗೆದರೆ ಹಿನ್ನೆಲೆಯೆಲ್ಲ ನೀರೇ. ಜಾರದ ಜಾಗ ನೋಡಿ ಅಂಚಿಗಿಳಿದು, ಲೆನ್ಸ್ ನೀರಿನಿಂದ ಒಂದೆರಡು ಅಡಿ ಮೇಲಿರುವಂತೆ ಕೂತುಕೊಳ್ಳಿ. ಸೂಳೆಕೆರೆಯಂಥ ವಿಶಾಲ ನೀರಲ್ಲಿ ಹಕ್ಕಿ ತೀರಾ ದೂರ, 400 ಸಾಲದು. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕಾದು ನಡುಗುತ್ತೆ, ಫೋಕಸ್ ಸರಿಯಿದ್ದರೂ ಗರಿ ಚೂಪಾಗಿ ಬರುವುದಿಲ್ಲ. ಒಂಬತ್ತರೊಳಗೆ ಮುಗಿಸಿ. ರೆಕ್ಕೆ ಬಿಚ್ಚಲೆಂದು ಕಲ್ಲೆಸೆಯುವುದು, ಹತ್ತಿರ ಬರಲೆಂದು ಬ್ರೆಡ್ ಹಾಕುವುದು ದಯವಿಟ್ಟು ಬೇಡ. ಹೆದರಿದ ಬಾತು ಸ್ನಾನ ಬಿಟ್ಟು ಹಾರಿಹೋಗುತ್ತೆ.