ಮುಖದ ಕೂದಲು, ಹಾರ್ಮೋನ್ ಮಾತ್ರೆ: ಡಾಕ್ಟರನ್ನು ಕೇಳಿ

ಹಾಸನದ ಹುಡುಗಿ: ಮೇಡಂ, ನನಗೆ ಪಿಸಿಓಎಸ್, ಅದೇ ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು ಬರುವ ಹಾರ್ಮೋನ್ ತೊಂದರೆ. ಮೂರು ತಿಂಗಳಿಂದ ಹಾರ್ಮೋನ್ ಮಾತ್ರೆ ತಗೊಳ್ತಿದ್ದೇನೆ. ಗಲ್ಲದ ಕೂದಲು ಒಂದೂ ಉದುರಿಲ್ಲ. ನಿಲ್ಲಿಸಲಾ?

ಡಾಕ್ಟರ್: ನಿಲ್ಲಿಸಬೇಡಿ. ಬಂದಿರುವ ಕೂದಲನ್ನು ಮಾತ್ರೆ ಉದುರಿಸುವುದಿಲ್ಲ, ಮುಂದೆ ಬರುವುದನ್ನು ತೆಳ್ಳಗೆ ಮಾಡುತ್ತದೆ. 6 ತಿಂಗಳಾದರೂ ಬೇಕು. ಅಲ್ಲಿವರೆಗೆ ಥ್ರೆಡ್ಡಿಂಗ್ ಮಾಡಿಸಿ.

ಮಲ್ಲಿಗೆ ದಂಡೆ: ಬಂದಿದ್ದು ಕಳಿಸ್ತಿದ್ದೇನೆ. "ಹಾರ್ಮೋನ್ ಮಾತ್ರೆ ವಿಷ! ಕಸ್ತೂರಿ ಅರಿಶಿನ, ಕಡಲೆಹಿಟ್ಟು, ಚೂರು ಬೆಳ್ಳಗಾಗುವ ಕ್ರೀಮು ಕಲಸಿ 21 ದಿನ ಹಚ್ಚಿ. ಹತ್ತು ಜನಕ್ಕೆ ಕಳಿಸಿ."

ಡಾಕ್ಟರ್: ಅರಿಶಿನದಿಂದ ಮುಖ ಹಳದಿ ಆಗುತ್ತದೆ, ಅಷ್ಟೇ. ಆ ಕ್ರೀಮುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಅದರಿಂದಲೇ ಮುಖದಲ್ಲಿ ಕೂದಲು ಬರುತ್ತದೆ!

ತುಂಗಾ ತೀರ: 29 ವರ್ಷ. ನಾಲ್ಕು ತಿಂಗಳಲ್ಲಿ ಗಡ್ಡ, ಎದೆ ಮೇಲೂ ಕೂದಲು. ಮುಟ್ಟು ನಿಂತಿದೆ. ಫೋನ್ ಎತ್ತಿದರೆ "ಹೇಳಿ ಸರ್" ಅಂತಾರೆ. ಅಕ್ಕನ ಮಾತ್ರೆ ನಾನೂ ಶುರು ಮಾಡಲಾ?

ಡಾಕ್ಟರ್: ಬೇಡ. ಪಿಸಿಓಎಸ್‌ನಲ್ಲಿ ಕೂದಲು ವರ್ಷಗಟ್ಟಲೆ ನಿಧಾನಕ್ಕೆ ಬರುತ್ತದೆ. ನಿಮಗೆ ನಾಲ್ಕೇ ತಿಂಗಳು, ದನಿಯೂ ದಪ್ಪ ಆಗಿದೆ. ಅಂಡಾಶಯದಲ್ಲೋ, ಕಿಡ್ನಿ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲೋ ಗಡ್ಡೆ ಇದ್ದು ಗಂಡು ಹಾರ್ಮೋನ್ ಸುರಿಸುತ್ತಿರಬಹುದು. ಇದ್ದೇ ಇದೆ ಅಂತಲ್ಲ, ಆದರೆ ನೋಡದೆ ಬಿಡುವ ಹಾಗಿಲ್ಲ. ಈ ವಾರವೇ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗಿ. ಟೋಟಲ್ ಟೆಸ್ಟೊಸ್ಟೆರಾನ್, ಡಿಎಚ್‌ಇಎ‌ಎಸ್, 17-ಓಎಚ್‌ಪಿ ಅಂತ ಹಾರ್ಮೋನುಗಳ ರಕ್ತಪರೀಕ್ಷೆ ಮಾಡಿಸುತ್ತಾರೆ, ಸ್ಕ್ಯಾನ್ ಕೂಡ. ಟೆಸ್ಟೊಸ್ಟೆರಾನ್ ಡೆಸಿಲೀಟರಿಗೆ 200 ನ್ಯಾನೊಗ್ರಾಂ ದಾಟಿದ್ದರೆ ಮೊದಲು ಗಡ್ಡೆಯನ್ನೇ ಹುಡುಕುತ್ತೇವೆ. ಈಗಲೇ ಮಾತ್ರೆ ನುಂಗಿದರೆ ರಿಪೋರ್ಟ್ ಏರುಪೇರಾಗುತ್ತದೆ. ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಂಡಿರಾ?

ಕಾವೇರಿ 88: ಕೂದಲಿಗೆ ಸ್ಪೈರೊನೊಲ್ಯಾಕ್ಟೋನ್ ಕೊಟ್ಟಿದ್ದಾರೆ, ಗಂಡು ಹಾರ್ಮೋನ್ ತಡೆಯುವ ಮಾತ್ರೆ. ದಿನಾ ಎಳನೀರು ಕುಡಿಯಬಹುದಾ? ಮುಂದಿನ ತಿಂಗಳು ಮದುವೆ.

ಡಾಕ್ಟರ್: ದಿನಾ ಬೇಡ. ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ, ಮಾತ್ರೆಯೂ ಅದನ್ನೇ ಏರಿಸುತ್ತದೆ. ಮದುವೆ ವಿಷಯ ನಿಮ್ಮ ಡಾಕ್ಟರಿಗೆ ಹೇಳಿದ್ದೀರಾ? ಈ ಮಾತ್ರೆ ತಗೊಳ್ಳುವಾಗ ಬಸಿರಾಗಬಾರದು. ಹೊಟ್ಟೆಯಲ್ಲಿ ಗಂಡು ಮಗುವಿದ್ದರೆ ಅದರ ಬೆಳವಣಿಗೆಗೆ ತೊಂದರೆ.

ಮಲ್ಲಿಗೆ ದಂಡೆ: ಇದಕ್ಕೇ ವಿಷ ಅಂದಿದ್ದು. ನಮ್ಮ ಅತ್ತಿಗೆಗೆ ಮಾತ್ರೆ ತಿಂದು ಮಕ್ಕಳೇ ಆಗಿಲ್ಲ.

ಹಾಸನದ ಹುಡುಗಿ: ನಿಮ್ಮ ಅಣ್ಣನಿಗೆ ಟೆಸ್ಟ್ ಮಾಡಿಸಿದ್ದೀರಾ?

ಮಲ್ಲಿಗೆ ದಂಡೆ: ಮನೆ ವಿಷಯಕ್ಕೆ ಬರಬೇಡಿ.

ಹಾಸನದ ಹುಡುಗಿ: ತಂದಿದ್ದು ಯಾರು?

ಮೂರನೇ ಕ್ರಾಸ್: ಲೇಸರ್‌ಗೆ ಎಷ್ಟಾಗುತ್ತದೆ ಮೇಡಂ?

ಗೌರಿ ಅಮ್ಮ: ಮಗಳಿಗೆ ಎರಡು ತಿಂಗಳಾಯ್ತು ಮಾತ್ರೆ ಶುರು ಮಾಡಿ. ಮೀಸೆ ಹಾಗೇ ಇದೆ.

ಡಾಕ್ಟರ್: ಮೇಲೆ ಓದಿ. 6 ತಿಂಗಳು.

ಗೌರಿ ಅಮ್ಮ: ಬೇರೆ ಯಾವ ಮಾತ್ರೆ ಒಳ್ಳೇದು?

ಡಾಕ್ಟರ್: ಮಗಳನ್ನು ನೋಡದೆ ಹೇಳುವುದಿಲ್ಲ. ತುಂಗಾ ತೀರ ಎಲ್ಲಿ?

ಮಲ್ಲಿಗೆ ದಂಡೆ: ಕೇಳಿದರೆ ಹೀಗೆ ಸಿಡುಕುತ್ತೀರಿ, ಅದಕ್ಕೇ ಜನ ಮನೆಮದ್ದು ಮಾಡ್ತಾರೆ.

ತುಂಗಾ ತೀರ: ಟೆಸ್ಟ್ ಮಾಡಿಕೊಂಡೆ ಮೇಡಂ, ಪ್ರೆಗ್ನೆನ್ಸಿ ಅಲ್ಲ. ನಾಳೆ ಹನ್ನೊಂದಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಅಕ್ಕನ ಮಾತ್ರೆ ವಾಪಸ್ ಕೊಟ್ಟೆ.

ಮೂರನೇ ಕ್ರಾಸ್: ಲೇಸರ್??