ಫೋನಿನ ಮೇಲೆ 5ಜಿ ಅಂತ ಕಾಣುತ್ತದೆ, ಆದರೂ ದಿನದ ಡೇಟಾ ಖಾಲಿ. ಇದು ಹೇಗೆ?

ಪೆರ್ಲದ ಕೃಷಿಕ:
ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಒಳಗೆ, ತೋಟದ ನಡುವೆ. ಮೂರು ಕಡೆ ಗುಡ್ಡೆ. ಕಳೆದ ತಿಂಗಳು 5ಜಿ ಫೋನ್ ತೆಗೆದುಕೊಂಡೆ. ಅಂಗಡಿಯ ಬೋರ್ಡಿನಲ್ಲಿ ‘ಅನ್‌ಲಿಮಿಟೆಡ್ 5ಜಿ’ ಎಂದು ಮಲಯಾಳದಲ್ಲಿ ದೊಡ್ಡ ಅಕ್ಷರ. ಅಡಿಯಲ್ಲಿ ಇರುವೆ ಸಾಲಿನ ಹಾಗೆ ಏನೋ ಷರತ್ತು, ನನ್ನ ಕನ್ನಡಕಕ್ಕೆ ಸಿಗಲಿಲ್ಲ. ದಿನಕ್ಕೆ 2 ಜಿಬಿಯ ಪ್ಲಾನ್ ಹಾಕಿಸಿದೆ. 5ಜಿಯಲ್ಲಿ ಎಷ್ಟು ಬಳಸಿದರೂ ಲೆಕ್ಕವೇ ಇಲ್ಲ ಎಂದರು.

ಜಗಲಿಯಲ್ಲಿ ಕೂತರೆ 5ಜಿ ಎಂದು ಚೆಂದಕ್ಕೆ ಕಾಣುತ್ತದೆ. ಬೆಂಗಳೂರಿನ ಮಗಳಿಗೆ ವಿಡಿಯೋ ಕಾಲ್ ಮಾಡಿದರೆ ಮೊಮ್ಮಗುವಿನ ಬಾಯಿ ತೆರೆದದ್ದು ತೆರೆದ ಹಾಗೆಯೇ ನಿಲ್ಲುತ್ತದೆ. ಮೊನ್ನೆ ಊಟದ ಹೊತ್ತಿಗೇ ‘ಇವತ್ತಿನ ಡೇಟಾ ಮುಗಿಯಿತು’ ಎಂದು ಮೆಸೇಜ್. ಆಗಲೂ ಮೇಲೆ 5ಜಿಯೇ! ಲೆಕ್ಕ ಇಲ್ಲದ್ದು ಮುಗಿಯುವುದು ಹೇಗೆ ಮಾರಾಯ್ರೇ?

ಬದಿಯಡ್ಕದ ಮೊಬೈಲ್ ರಿಪೇರಿ:
ಅಣ್ಣ, ಫೋನ್ ಹಾಳಾಗಿಲ್ಲ. ಕೆಲವು ಕಂಪೆನಿಗಳ 5ಜಿ ಕೂತಿರುವುದು 4ಜಿಯ ಹೆಗಲ ಮೇಲೆ. ಫೋನ್ ಮೊದಲು 4ಜಿ ಟವರನ್ನೇ ಹಿಡಿಯುತ್ತದೆ. ‘ನನ್ನ ಜೊತೆ 5ಜಿ ಸೇರಬಹುದು’ ಎಂದು ಆ ಟವರ್ ತಿಳಿಸಿದರೆ ಸಾಕು, ಎಷ್ಟೋ ಫೋನ್‌ಗಳು 5ಜಿ ಎಂದು ತೋರಿಸಿಬಿಡುತ್ತವೆ. ನಿಜವಾದ 5ಜಿ ನಿಮ್ಮ ತೋಟಕ್ಕೆ ಇಳಿದಿರಬೇಕು ಅಂತಿಲ್ಲ. ಒಳ್ಳೆ ಸ್ಪೀಡ್ ಕೊಡುವ 3500 ಮೆಗಾಹರ್ಟ್ಸ್ ಅಲೆಗೆ ಗುಡ್ಡೆ ದಾಟುವ ತಾಕತ್ತು ಕಮ್ಮಿ. ಆಗ ಡೇಟಾ ಬರುವುದು 4ಜಿಯಲ್ಲಿ, ಕಡಿತ ಆಗುವುದು ನಿಮ್ಮ 2 ಜಿಬಿಯಲ್ಲಿ. ಇರುವೆ ಸಾಲಿನಲ್ಲಿ ಬರೆದದ್ದು ಹೆಚ್ಚಾಗಿ ಅದೇ.

   

ಮುಳ್ಳೇರಿಯ ಟೀಚರ್:
ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ಅಮೆರಿಕದಲ್ಲಿ 2019ರಲ್ಲಿ ಎಟಿ ಆ್ಯಂಡ್ ಟಿ ಕಂಪೆನಿ ತನ್ನ ಸುಧಾರಿಸಿದ 4ಜಿಗೇ ‘5ಜಿ ಇ’ ಎಂದು ಹೆಸರಿಟ್ಟು ಫೋನ್‌ಗಳಲ್ಲಿ ತೋರಿಸಿತು. ಅದರ ಎದುರಾಳಿ ಕಂಪೆನಿ ಸ್ಪ್ರಿಂಟ್ ಕೋರ್ಟಿಗೆ ಹೋಯಿತು. 2020ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಹೇಳಿದ ಮೇಲೆ ಜಾಹೀರಾತಿನಿಂದ ಆ ಹೆಸರು ತೆಗೆಯಲು ಕಂಪೆನಿ ಒಪ್ಪಿತು. ಫೋನಿನ ಮೇಲಿನ ಗುರುತು ಮಾತ್ರ ಹಾಗೇ ಉಳಿಯಿತು! ನಮ್ಮಲ್ಲೂ 2015ರಲ್ಲಿ ಏರ್‌ಟೆಲ್‌ನ ‘ಅತಿ ವೇಗದ 4ಜಿ’ ಜಾಹೀರಾತನ್ನು ತಿದ್ದಿ ಇಲ್ಲವೇ ತೆಗೆಯಿರಿ ಎಂದು ಜಾಹೀರಾತು ಮಾನದಂಡ ಮಂಡಳಿ ಹೇಳಿತ್ತು.

ಪೆರ್ಲದ ಕೃಷಿಕ:
ನಿನ್ನೆ ಪರೀಕ್ಷೆ ಮಾಡಿದೆ. ಬಾಕಿ ಡೇಟಾ ಬರೆದಿಟ್ಟುಕೊಂಡು ಜಗಲಿಯಲ್ಲಿ ಹತ್ತು ನಿಮಿಷ ಯಕ್ಷಗಾನದ ವಿಡಿಯೋ ನೋಡಿದೆ. ಕಡಿತ. ಪೇಟೆಗೆ ಹೋಗಿ ಅದನ್ನೇ ಇನ್ನೊಮ್ಮೆ ನೋಡಿದೆ. ಒಂದು ಎಂಬಿಯೂ ಹೋಗಲಿಲ್ಲ. ಎರಡೂ ಕಡೆ ಮೇಲೆ ಇದ್ದದ್ದು ಒಂದೇ 5ಜಿ. ಅಂದರೆ ಕಡಿಯುವಾಗ ಇದು 4ಜಿ ಎಂದು ಗೊತ್ತಾಗುತ್ತದೆ, ತೋರಿಸುವಾಗ ಗೊತ್ತಾಗುವುದಿಲ್ಲ, ಅಲ್ವಾ?

ಕಸ್ಟಮರ್ ಕೇರಿನವರು ‘ಸಿಮ್ ತೆಗೆದು ಹಾಕಿ’ ಎಂದರು. ತೆಗೆದೆ, ಹಾಕಿದೆ. ಗುಡ್ಡೆ ತುದಿಗೆ ಹತ್ತಿದರೆ ಕರ್ನಾಟಕದ ಟವರ್ ಹಿಡಿಯುತ್ತದೆ, ‘ಸ್ವಾಗತ’ ಅಂತ ಮೆಸೇಜೂ ಬರುತ್ತದೆ, ರೇಂಜ್ ಫುಲ್. ಸದ್ಯ ಮೊಮ್ಮಗುವಿನ ಹತ್ತಿರ ಮಾತು ಅಲ್ಲಿಂದಲೇ. ನನ್ನ ಹೆಂಡತಿಗೆ ಗಂಟು ನೋವು, ಹತ್ತಲು ಆಗುವುದಿಲ್ಲ. ಏನು ಮಾತಾಡಿತು ಎಂದು ಕೇಳಲು ಜಗಲಿಯಲ್ಲೇ ಕಾದು ಕೂತಿರುತ್ತಾಳೆ.